ದಾನವೂ ದೇಹದಂಡನೆಯೂ

ದಾನಕ್ಕೆ ಆರು ಅಂಗಗಳುಂಟೆಂದು ಪ್ರಾಚೀನ ಧರ್ಮಶಾಸ್ತ್ರಕಾರರು ಎಣಿಸಿದ್ದಾರೆ. ಕೊಡುವವನು, ಕೊಳ್ಳುವವನು, ಶ್ರದ್ಧೆ, ನ್ಯಾಯಾರ್ಜಿತವಾದ ದ್ರವ್ಯ, ದೇಶ, ಕಾಲ — ಇವೇ ಆ ಆರು. ಕೊಡುವವನ ಮೈ ನೋಯಬೇಕೆಂಬುದು ಈ ಎಣಿಕೆಯಲ್ಲಿ ಎಲ್ಲಿಯೂ ಸೇರಿಲ್ಲ. ದ್ರವ್ಯವನ್ನು ಸಂಪಾದಿಸುವಾಗ ಬೆವರು ಸುರಿದಿರಬಹುದು. ಆದರೆ ಕೊಡುವ ಕ್ರಿಯೆಗೆ ಬೆವರಿನ ಅವಶ್ಯಕತೆಯಿಲ್ಲ. ಹೀಗಿರುವಲ್ಲಿ, ಕಳೆದ ನಾಲ್ಕೈದು ದಶಕಗಳಿಂದ ಪಾಶ್ಚಾತ್ಯ ದೇಶಗಳಲ್ಲಿ ಬಲವಾಗಿ ಬೆಳೆದಿರುವ ಒಂದು ಪದ್ಧತಿಯನ್ನು ಕಂಡರೆ ವಿಚಾರಶೀಲರಿಗೆ ಆಶ್ಚರ್ಯವಾಗದಿರದು. ಒಬ್ಬನು ಬೈಸಿಕಲ್ಲನ್ನೇರಿ ನೂರಾರು ಮೈಲಿ ತುಳಿಯುತ್ತಾನೆ. ಅವನು ತುಳಿಯುವನೆಂಬ ಕಾರಣದಿಂದ ಅವನ ನಂಟರಿಷ್ಟರು ಒಂದು ಆಸ್ಪತ್ರೆಗೆ ಹಣ ಕೊಡುತ್ತಾರೆ. ರೋಗಿಯ ರಕ್ತಕ್ಕೂ ಸವಾರನ ಕಾಲಿಗೂ ಏನು ಸಂಬಂಧ? ಚಕ್ರ ತಿರುಗಿದರೆ ವ್ಯಾಧಿ ಶಮನವಾದೀತೆ? ಪ್ರಶ್ನೆಯು ಮೇಲುನೋಟಕ್ಕೆ ಪರಿಹಾಸದಂತೆ ತೋರಿದರೂ ಅದರೊಳಗೆ ದಾನದ ಸ್ವರೂಪವನ್ನೇ ಕುರಿತ ಗಂಭೀರವಾದ ಶಂಕೆಯೊಂದು ಅಡಗಿದೆ.

ವಿಚಾರಕ್ಕೆ ಒಂದು ನಿದರ್ಶನವಿದ್ದರೆ ಅನುಕೂಲ. ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದಲ್ಲಿ ಮ್ಯಾಸಚೂಸೆಟ್ಸ್ ಎಂಬ ಪ್ರಾಂತವಿದೆ. ಅಲ್ಲಿನವನಾದ ಬಿಲ್ಲಿ ಸ್ಟಾರ್ ಎಂಬ ತರುಣನ ತಾಯಿ 1974ರಲ್ಲಿ ಕ್ಯಾನ್ಸರ್ ರೋಗದಿಂದ ತೀರಿಕೊಂಡಳು. ಆರು ವರ್ಷಗಳ ತರುವಾಯ, 1980ರಲ್ಲಿ, ಅವನ ಪ್ರೇರಣೆಯಿಂದ 36 ಮಂದಿ ಸವಾರರು ಸ್ಪ್ರಿಂಗ್‌ಫೀಲ್ಡ್ ಪಟ್ಟಣದಿಂದ ಹೊರಟು, ಕೇಪ್ ಕಾಡ್ ಎಂಬ ಭೂಶಿರದ ತುದಿಯಲ್ಲಿರುವ ಪ್ರಾವಿನ್ಸ್‌ಟೌನ್ ಎಂಬ ಊರಿನವರೆಗೆ 220 ಮೈಲಿ ದೂರವನ್ನು ಬೈಸಿಕಲ್ಲಿನಲ್ಲಿ ಕ್ರಮಿಸಿದರು. ಆ ಸವಾರಿಯ ನೆಪದಲ್ಲಿ 10,200 ಡಾಲರು ಕೂಡಿತು. ‘ಪ್ಯಾನ್ ಮ್ಯಾಸ್ ಚಾಲೆಂಜ್’ ಎಂಬ ಹೆಸರಿನಿಂದ ಅದು ಅಂದಿನಿಂದ ವರ್ಷವರ್ಷವೂ ಆಗಸ್ಟ್ ತಿಂಗಳ ಮೊದಲಲ್ಲಿ ನಡೆಯುತ್ತ ಬಂದಿದೆ. ಈಗ ಸವಾರರ ಸಂಖ್ಯೆ ಸಾವಿರಗಳನ್ನು ಮುಟ್ಟಿದೆ. ಸ್ಟರ್‌ಬ್ರಿಜ್ ಎಂಬಲ್ಲಿಂದ ಮೊದಲನೆಯ ದಿನ ಬೋರ್ನ್ ಎಂಬ ಊರಿಗೂ, ಎರಡನೆಯ ದಿನ ಅಲ್ಲಿಂದ ಪ್ರಾವಿನ್ಸ್‌ಟೌನಿಗೂ ಹೋಗುವ ಮುಖ್ಯ ಮಾರ್ಗದ ಉದ್ದ ಸುಮಾರು 190 ಮೈಲಿ. 2024ರ ಹೊತ್ತಿಗೆ ಈ ಸವಾರಿಗಳಿಂದ ಕೂಡಿದ ಒಟ್ಟು ಮೊತ್ತ ನೂರು ಕೋಟಿ ಡಾಲರುಗಳನ್ನು ಮೀರಿತು. ಹಣವೆಲ್ಲವೂ ಬಾಸ್ಟನ್ ನಗರದ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ, ಅದರ ‘ಜಿಮ್ಮಿ ನಿಧಿ’ಯ ಮೂಲಕ, ಸಲ್ಲುತ್ತದೆ.

ಈ ಸಂಸ್ಥೆಯ ಮೂಲದಲ್ಲಿ ಭಾರತೀಯರು ಮರೆಯಬಾರದ ಸಂಗತಿಯೊಂದಿದೆ. 1947-48ರಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯನು ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧವನ್ನು ಕೊಟ್ಟು, ಆ ರೋಗವು ತಾತ್ಕಾಲಿಕವಾಗಿಯಾದರೂ ಹಿಂಜರಿಯುವುದನ್ನು ಲೋಕಕ್ಕೆ ತೋರಿಸಿದನು. ಆ ಔಷಧವನ್ನು ಅವನಿಗೆ ಒದಗಿಸಿದ್ದು ಲೆಡರ್ಲೆ ಪ್ರಯೋಗಶಾಲೆಯಲ್ಲಿ ಸಂಶೋಧನೆಯ ಮುಂದಾಳಾಗಿದ್ದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾಯರ ತಂಡ. ಸುಬ್ಬರಾಯರು 1948ರಲ್ಲಿಯೇ ತೀರಿಕೊಂಡರು. ಅದೇ ವರ್ಷ ‘ಜಿಮ್ಮಿ’ ಎಂದು ಹೆಸರಿಟ್ಟ ಒಬ್ಬ ರೋಗಿ ಬಾಲಕನ ಮಾತನ್ನು ರೇಡಿಯೋವಿನಲ್ಲಿ ಕೇಳಿದ ಜನರು ಕಳುಹಿಸಿದ ವಂತಿಗೆಯಿಂದ ಜಿಮ್ಮಿ ನಿಧಿಯು ಹುಟ್ಟಿತು. ಆಗ ಜನರು ಒಂದು ಮಗುವಿನ ಧ್ವನಿಯನ್ನು ಕೇಳಿ ಕೊಟ್ಟರು. ಈಗ ಆ ನಿಧಿಯ ವಾರ್ಷಿಕ ಆದಾಯದಲ್ಲಿ ಅರ್ಧಕ್ಕೂ ಮಿಕ್ಕಿದ ಭಾಗವು ಸವಾರರ ಮುಖಾಂತರ ಬರುತ್ತಿದೆ.

ಇಂತಹ ಸವಾರಿಯೆಂದರೆ ಎರಡು ದಿನಗಳ ವಿನೋದವೆಂದು ಭಾವಿಸಲಾಗದು. ಗಂಟೆಗೆ 15 ಮೈಲಿಯಂತೆ ಹೋದರೂ 190 ಮೈಲಿಗೆ ಹದಿಮೂರು ಗಂಟೆಗಳ ಸಮೀಪ ಹಿಡಿಯುತ್ತದೆ; ನಿಮಿಷಕ್ಕೆ 80 ಸುತ್ತಿನಂತೆ ಪೆಡಲನ್ನು ತುಳಿದರೆ ಒಟ್ಟು 60,000 ಸುತ್ತುಗಳಾಗುತ್ತವೆ. ಅಭ್ಯಾಸವಿಲ್ಲದ ದೇಹವು ಇದನ್ನು ತಾಳಲಾರದು. ಆದುದರಿಂದ ಸಾಧಕರು ಆಗಸ್ಟಿನ ಸವಾರಿಗೆ ಅನೇಕ ತಿಂಗಳು ಮುಂಚೆಯೇ ತೊಡಗುತ್ತಾರೆ. ಆ ಪ್ರಾಂತದ ಚಳಿಗಾಲದಲ್ಲಿ ಹಿಮ ಬೀಳುವುದರಿಂದ ಮನೆಯೊಳಗೆ ನಿಂತಲ್ಲೇ ತಿರುಗುವ ಚಕ್ರದ ಮೇಲೆ ಗೋಡೆಯನ್ನು ನೋಡುತ್ತ ತುಳಿಯುವುದೂ ಉಂಟು. ಹಿಮ ಕರಗಿದ ಮೇಲೆ ಮೊದಲು 20 ಮೈಲಿ, ಬಳಿಕ 40, ಆಮೇಲೆ 60, 80 — ಹೀಗೆ ವಾರವಾರಕ್ಕೂ ದೂರವನ್ನು ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಏರಿಸಿದ ಮೇಲೆ ದೇಹಕ್ಕೆ ವಿಶ್ರಾಂತಿ ಕೊಡಬೇಕು. ಏಕೆಂದರೆ ಸ್ನಾಯುಗಳು ಬಲಿಯುವುದು ತುಳಿಯುವಾಗಲ್ಲ, ತುಳಿದು ದಣಿದ ಮೇಲಿನ ವಿಶ್ರಾಂತಿಯಲ್ಲಿ. ಸೀಟಿನ ಮೇಲೆ ಕುಳಿತು ಕುಳಿತು ತೊಡೆಯ ಸಂದು ಒರಸಿ ಹುಣ್ಣಾಗುತ್ತದೆ. ಹ್ಯಾಂಡಲನ್ನು ಹಿಡಿದು ಹಿಡಿದು ಬೆರಳುಗಳು ಜೋಮು ಹಿಡಿಯುತ್ತವೆ. ಸ್ನಾಯುಗಳಲ್ಲಿ ಶೇಖರವಾದ ಸಕ್ಕರೆಯಂಶವು ಬಿರುಸಾದ ಶ್ರಮದಲ್ಲಿ ಸುಮಾರು ಎರಡು ಗಂಟೆಗೆಲ್ಲ ಬರಿದಾಗಿ, ಒಮ್ಮೆಗೇ ಕೈಕಾಲು ಸೋತು ಕಣ್ಣು ಮಂಜಾಗುವುದುಂಟು. ಅದಕ್ಕಾಗಿ ಹಸಿಯುವುದಕ್ಕೆ ಮೊದಲೇ ತಿನ್ನುವುದನ್ನು ಕಲಿಯಬೇಕು. ನೀರನ್ನು ಕುಡಿಯದಿರುವುದು ಹೇಗೆ ಅಪಾಯವೋ, ಉಪ್ಪಿನಂಶವಿಲ್ಲದ ಬರಿಯ ನೀರನ್ನು ಮಿತಿಮೀರಿ ಕುಡಿಯುವುದೂ ಹಾಗೆಯೇ ಅಪಾಯ. ಮಿತವಾದ ಆಹಾರ, ಮಿತವಾದ ಚೇಷ್ಟೆ, ಮಿತವಾದ ನಿದ್ರೆ ಎಂಬ ಯೋಗಿಯ ನಿಯಮಗಳು ಇಲ್ಲಿ ಒಬ್ಬ ಗುಮಾಸ್ತನಿಗೋ ಉಪಾಧ್ಯಾಯಿನಿಗೋ ಅನುಭವಸಿದ್ಧವಾಗುತ್ತವೆ.

ಇಷ್ಟಾದ ಮೇಲೆ ಪೂರ್ವಪಕ್ಷವನ್ನು ಕೇಳೋಣ. ಆಕ್ಷೇಪಿಸುವವನು ಮೂರು ಮಾತುಗಳನ್ನು ಹೇಳುತ್ತಾನೆ. ಮೊದಲನೆಯದು ವ್ಯರ್ಥಶ್ರಮದ ಆಕ್ಷೇಪ. ಬೈಸಿಕಲ್ಲಿನ ಮೇಲೆ ನಾಲ್ಕು ತಿಂಗಳು ಕಳೆದ ಹೊತ್ತನ್ನು ಅದೇ ಮನುಷ್ಯನು ಆಸ್ಪತ್ರೆಯಲ್ಲಿ ರೋಗಿಗಳ ಸೇವೆಗೆ ಕೊಟ್ಟಿದ್ದರೆ, ಅಥವಾ ಹೆಚ್ಚಿನ ಕೆಲಸ ಮಾಡಿ ಅದರ ಕೂಲಿಯನ್ನು ಕೊಟ್ಟಿದ್ದರೆ, ಆ ಶ್ರಮವು ನೇರವಾಗಿ ರೋಗಿಯನ್ನು ಮುಟ್ಟುತ್ತಿತ್ತು. ಬಾವಿಯನ್ನು ತೋಡಿದರೆ ನೀರು ಬರುತ್ತದೆ. ರಸ್ತೆಯನ್ನು ತುಳಿದರೆ ಏನು ಬರುತ್ತದೆ? ಎರಡನೆಯದು ಡಂಭದ ಆಕ್ಷೇಪ. ದಾನವು ಗುಪ್ತವಾಗಿದ್ದಷ್ಟೂ ಶ್ರೇಷ್ಠ. ಇಲ್ಲಿಯಾದರೋ ಬಣ್ಣಬಣ್ಣದ ಅಂಗಿ, ಬೀದಿಯ ಇಕ್ಕೆಲದಲ್ಲಿ ಚಪ್ಪಾಳೆ, ಕೊನೆಯಲ್ಲಿ ಭಾವಚಿತ್ರ. ಪುಣ್ಯದೊಡನೆ ಆರೋಗ್ಯವೂ ಕೀರ್ತಿಯೂ ವಿನೋದವೂ ಸವಾರನ ಪಾಲಿಗೇ ಬರುವುದಾದರೆ ತ್ಯಾಗವೆಲ್ಲಿ ಉಳಿಯಿತು? ಮೂರನೆಯದು ವೆಚ್ಚದ ಆಕ್ಷೇಪ. ಇಷ್ಟು ಜನರಿಗೆ ಅನ್ನ, ನೀರು, ಬಿಡಾರ, ದಾರಿಯ ಕಾವಲು, ವೈದ್ಯರ ನೆರವು ಇವನ್ನೆಲ್ಲ ಒದಗಿಸುವುದಕ್ಕೆ ಹಣ ಬೇಕು. ರೋಗಿಯ ಹೆಸರಿನಲ್ಲಿ ಎತ್ತಿದ ವಂತಿಗೆಯನ್ನು ಸವಾರನ ಸತ್ಕಾರವು ನುಂಗಿದರೆ ಅದು ದಾನವಾಗದು, ಉತ್ಸವವಾಗುತ್ತದೆ.

ಮೂರನೆಯ ಆಕ್ಷೇಪವು ಬರಿಯ ಊಹೆಯಲ್ಲ. ಅಮೆರಿಕದ ಪಶ್ಚಿಮ ತೀರದಲ್ಲಿ, ಏಡ್ಸ್ ರೋಗಿಗಳ ನೆರವಿಗಾಗಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲೀಸಿಗೆ ಏಳು ದಿನಗಳ ಸವಾರಿಯೊಂದು 1994ರಲ್ಲಿ ಮೊದಲಾಯಿತು. ಅದನ್ನು ನಡೆಸುತ್ತಿದ್ದುದು ಡ್ಯಾನ್ ಪಲೋಟ ಎಂಬವನ ಖಾಸಗಿ ಕಂಪನಿ. ಬಹಳ ಹಣವೇನೋ ಕೂಡಿತು; ಆದರೆ ಖರ್ಚು ಹೆಚ್ಚಾಯಿತೆಂಬ ಅಸಮಾಧಾನ ಬೆಳೆದು, ಹಣವನ್ನು ಪಡೆಯುತ್ತಿದ್ದ ಸೇವಾಸಂಸ್ಥೆಗಳು ಆ ಕಂಪನಿಯಿಂದ ಬೇರೆಯಾಗಿ, 2002ರಿಂದ 545 ಮೈಲಿಗಳ ಸವಾರಿಯೊಂದನ್ನು ತಾವೇ ನಡೆಸತೊಡಗಿದವು. ಏರುತ್ತಿದ್ದ ವೆಚ್ಚದ ಭಾರದಿಂದ ಅದನ್ನೂ 2025ರಲ್ಲಿ ಕೊನೆಗಾಣಿಸಬೇಕಾಯಿತು. ಪಲೋಟನು ತನ್ನ ಪಕ್ಷವನ್ನು 2008ರಲ್ಲಿ ಒಂದು ಪುಸ್ತಕದಲ್ಲಿ ಮಂಡಿಸಿದನು. ಖರ್ಚಿನ ಪ್ರಮಾಣವೆಷ್ಟೆಂದು ಕೇಳುವುದು ತಪ್ಪು, ಕಟ್ಟಕಡೆಗೆ ರೋಗಿಗೆ ಮುಟ್ಟಿದ ಮೊತ್ತವೆಷ್ಟೆಂದು ಕೇಳಬೇಕು ಎಂಬುದು ಅವನ ವಾದದ ಸಾರ. ಬೀಜಕ್ಕೆ ಹಣ ಸುರಿಯದೆ ಬೆಳೆ ಬಾರದೆಂಬ ರೈತನ ನ್ಯಾಯ ಇದರಲ್ಲಿದೆಯೆಂಬುದನ್ನು ಒಪ್ಪಬೇಕು. ಆದರೆ ರೈತನು ತನ್ನ ಬೀಜವನ್ನು ತಾನು ಬಿತ್ತುತ್ತಾನೆ. ಇಲ್ಲಿ ಬಿತ್ತುವ ಬೀಜವು ಇನ್ನೊಬ್ಬರು ರೋಗಿಗೆಂದು ಕೊಟ್ಟ ಕಾಸು. ಕೊಟ್ಟವನ ಸಂಕಲ್ಪವನ್ನು ಅವನಿಗೆ ತಿಳಿಯದಂತೆ ಬದಲಿಸುವ ಅಧಿಕಾರ ನಡುವಿನವನಿಗೆ ಇಲ್ಲ. ಮ್ಯಾಸಚೂಸೆಟ್ಸಿನ ಸವಾರಿಯವರು ಇದಕ್ಕೆ ಕಂಡುಕೊಂಡ ಪರಿಹಾರ ಉಚಿತವಾಗಿದೆ. 2007ರಿಂದೀಚೆಗೆ ಸವಾರನು ಕೂಡಿಸಿದ ಪ್ರತಿಯೊಂದು ಡಾಲರನ್ನೂ ಪೂರ್ತಿಯಾಗಿ ಕ್ಯಾನ್ಸರ್ ಸಂಸ್ಥೆಗೇ ಒಪ್ಪಿಸಿ, ನಡೆಸುವ ಖರ್ಚನ್ನು ಪ್ರವೇಶಶುಲ್ಕದಿಂದಲೂ ಪೋಷಕರ ನೆರವಿನಿಂದಲೂ ತೂಗಿಸುತ್ತಾರೆ. ಉತ್ಸವದ ಖರ್ಚು ಉತ್ಸವದಲ್ಲಿ ಸೇರುವವರದು, ರೋಗಿಯ ಹಣ ರೋಗಿಯದು ಎಂಬ ವಿಂಗಡಣೆ ಇದರಲ್ಲಿ ಸ್ಪಷ್ಟವಾಗಿದೆ. ಹೀಗೆ ಮೂರನೆಯ ಆಕ್ಷೇಪವು ವ್ಯವಸ್ಥೆಯಿಂದ ಪರಿಹಾರವಾಗಬಹುದು. ಉಳಿದೆರಡು ಮನಸ್ಸಿಗೆ ಸಂಬಂಧಿಸಿದವು. ಅವಕ್ಕೆ ಲೆಕ್ಕದ ಪುಸ್ತಕದಲ್ಲಿ ಉತ್ತರ ದೊರೆಯದು.

ಮೊದಲನೆಯ ಆಕ್ಷೇಪಕ್ಕೆ ಸಾಮಾನ್ಯವಾಗಿ ಕೊಡುವ ಸಮಾಧಾನವೇನೆಂದರೆ, ಶ್ರಮವನ್ನು ಕಂಡರೆ ಜನರು ಹೆಚ್ಚು ಕೊಡುತ್ತಾರೆ ಎಂಬುದು. ಇದರ ಸಮೀಪದ ವಿಷಯವನ್ನು ವಿದ್ವಾಂಸರು ಪರೀಕ್ಷಿಸಿಯೂ ಇದ್ದಾರೆ. ಕ್ರಿಸ್ಟೋಫರ್ ಓಲಿವೋಲ ಮತ್ತು ಎಲ್ಡಾರ್ ಶಫೀರ್ ಎಂಬವರು 2013ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಧರ್ಮಾರ್ಥವಾದ ವನಭೋಜನಕ್ಕೆ ಹೋಗುವಾಗ ಕೊಡುವುದಕ್ಕಿಂತ, ಐದು ಮೈಲಿ ಓಡಬೇಕಾದ ಕಾರ್ಯಕ್ಕೆ ಹೋಗುವಾಗ ಜನರು ಹೆಚ್ಚು ಕೊಡಲು ಒಪ್ಪುತ್ತಾರೆ. ಅದರಲ್ಲಿಯೂ ಕಾರಣವು ಮನುಷ್ಯರ ಸಂಕಟಕ್ಕೆ ಸಂಬಂಧಿಸಿದ್ದಾದರೆ ಈ ಪರಿಣಾಮವು ಬಲವಾಗಿಯೂ, ಉದ್ಯಾನದಂತಹ ಸುಖಸಾಧನಕ್ಕಾದರೆ ದುರ್ಬಲವಾಗಿಯೂ ತೋರುತ್ತದೆ. ನೋವಿಗಾಗಿ ಕೊಡುವಾಗ ತಾನೂ ಸ್ವಲ್ಪ ನೋಯುವುದು ಉಚಿತವೆಂದು ಮನುಷ್ಯನ ಹೃದಯಕ್ಕೆ ತೋರುತ್ತದೆಯೆಂದು ಇದರಿಂದ ತಿಳಿಯಬಹುದು. ಆದರೆ ಇಷ್ಟನ್ನೇ ಸಮಾಧಾನವೆಂದು ಹೇಳಿದರೆ ನ್ಯಾಯಪ್ರಿಯನಾದವನು ಒಪ್ಪಲಾರನು. ಜನರ ಹೃದಯ ಹೀಗಿದೆಯೆಂಬುದು ಒಂದು ಸಂಗತಿ. ಹೀಗಿರುವುದು ಯುಕ್ತವೆಂಬುದು ಬೇರೆಯೇ ಸಂಗತಿ. ಜನರ ದೌರ್ಬಲ್ಯವನ್ನು ಉಪಯೋಗಿಸಿಕೊಂಡು ಹಣ ಕೂಡಿಸುವುದು ಜಾಣತನವಾದೀತು, ಧರ್ಮವಾಗಲಾರದು. ಶ್ರಮಕ್ಕೆ ಅದರದೇ ಆದ ಯೋಗ್ಯತೆಯಿದ್ದರೆ ಅದನ್ನು ಬೇರೆಡೆಯಲ್ಲಿ ಹುಡುಕಬೇಕು.

ಆ ಯೋಗ್ಯತೆಯು ದೊರೆಯುವುದು ಯಾಚನೆಯಲ್ಲಿ. ಸವಾರಿಯ ಕಷ್ಟವನ್ನು ವರ್ಣಿಸುವವರು ಅದಕ್ಕಿಂತ ಕಷ್ಟವಾದ ಇನ್ನೊಂದು ಕೆಲಸವನ್ನು ಮರೆಯುತ್ತಾರೆ, ಅದೆಂದರೆ ಬೇಡುವುದು. ಬೇಡುವವನು ಹುಲ್ಲಿಗಿಂತ ಹಗುರವೆಂದು ಸುಭಾಷಿತಕಾರರು ಬಗೆಬಗೆಯಾಗಿ ಹೇಳಿದ್ದಾರೆ. ತನಗಾಗಿ ಬೇಡುವುದು ಹೇಗಿದ್ದರೂ ಇರಲಿ; ಎಂದೂ ನೋಡದ ರೋಗಿಗಾಗಿ ನೆರೆಯವನ ಮನೆಯ ಬಾಗಿಲನ್ನು ತಟ್ಟುವುದು ಮಾನವಂತರಿಗೆ ಮತ್ತೂ ಕಠಿನ. ಕೇಳಿಸಿಕೊಳ್ಳುವವನಿಗೆ ಒಂದು ಶಂಕೆ ಬರುವುದು ಸಹಜ — ನನ್ನ ಕೈಯಿಂದ ಪುಣ್ಯ ಮಾಡಿಸುವ ಈತನು ತಾನೇನು ಕೊಟ್ಟಿದ್ದಾನೆ? ಸವಾರನ ಶ್ರಮವು ಈ ಮೂಕಪ್ರಶ್ನೆಗೆ ಉತ್ತರ. ‘ನೀನು ಕೊಡುವುದಕ್ಕೆ ಮುಂಚೆ ನಾನು ತೊಡಗಿದ್ದೇನೆ, ನೀನು ಕೊಡದಿದ್ದರೂ ನಾನು ಹಿಂದೆಗೆಯುವುದಿಲ್ಲ’ ಎಂಬುದನ್ನು ಅವನು ಮಾತಿನಿಂದ ಹೇಳದೆ ದೇಹದಿಂದ ಹೇಳುತ್ತಾನೆ. ಮ್ಯಾಸಚೂಸೆಟ್ಸಿನ ಸವಾರಿಯಲ್ಲಿ ಇದಕ್ಕೆ ಒಂದು ಕಟ್ಟುಪಾಡೂ ಇದೆ. ಸವಾರನು ಇಂತಿಷ್ಟು ಮೊತ್ತವನ್ನು ಕೂಡಿಸುವೆನೆಂದು ಮೊದಲೇ ಒಪ್ಪಿಕೊಳ್ಳಬೇಕು; ಕೂಡಿದ್ದು ಕಡಿಮೆಯಾದರೆ ಆ ಕೊರತೆಯನ್ನು ಕೈಯಿಂದ ತುಂಬಿಕೊಡಬೇಕು. ಹೀಗೆ ಅವನು ಬರಿಯ ಯಾಚಕನಾಗಿ ನಿಲ್ಲದೆ ಹೊಣೆಗಾರನಾಗುತ್ತಾನೆ. ಸಾಲಕ್ಕೆ ಜಾಮೀನು ನಿಂತವನ ಮಾತಿಗೆ ತೂಕವಿರುವಂತೆ ಅವನ ಬೇಡಿಕೆಗೂ ತೂಕವುಂಟಾಗುತ್ತದೆ. ರಸ್ತೆಯನ್ನು ತುಳಿದರೆ ಏನು ಬರುತ್ತದೆಯೆಂದು ಕೇಳಿದವನಿಗೆ, ಮಾತನ್ನು ನಂಬುವುದಕ್ಕೆ ಕಾರಣವು ಬರುತ್ತದೆಯೆಂದು ಹೇಳಬಹುದು.

ಇನ್ನೂ ಒಂದು ಸಂಗತಿಯಿದೆ. ತಾಯಿಯನ್ನು ಕಳೆದುಕೊಂಡ ಮಗನಿಗೆ ಆಕೆಗಾಗಿ ಮಾಡಬಹುದಾದ ಕೆಲಸ ಯಾವುದೂ ಉಳಿದಿರುವುದಿಲ್ಲ. ಔಷಧವನ್ನು ತರುವಂತಿಲ್ಲ, ತಲೆದಿಂಬನ್ನು ಸರಿಪಡಿಸುವಂತಿಲ್ಲ. ಮಾಡುವುದೇನೂ ಇಲ್ಲದ ಕೈಗಳೇ ದುಃಖದ ಅತಿ ಭಾರವಾದ ಅಂಶವೆಂದು ಬಲ್ಲವರು ಬಲ್ಲರು. ಶ್ರಾದ್ಧವೆಂಬ ಕರ್ಮವನ್ನು ವಿಧಿಸಿದವರು ಇದನ್ನು ಚೆನ್ನಾಗಿ ಅರಿತಿದ್ದರು. ಪಿಂಡವು ಪಿತೃಗಳನ್ನು ಮುಟ್ಟುವುದೋ ಇಲ್ಲವೋ ಎಂಬ ಚರ್ಚೆಯನ್ನು ಬದಿಗಿಟ್ಟರೂ, ಉಪವಾಸವಿದ್ದು, ಮಡಿಯುಟ್ಟು, ಅಡಿಗೆ ಮಾಡಿ, ಬೇರೊಬ್ಬರಿಗೆ ಉಣಬಡಿಸುವ ಆ ದಿನದ ಕ್ರಮವು ದುಃಖಕ್ಕೆ ಒಂದು ದಾರಿಯನ್ನು ಮಾಡಿಕೊಡುತ್ತದೆ. ಆ ದಾರಿಯ ಕೊನೆಯಲ್ಲಿ ಅನ್ಯನೊಬ್ಬನ ಹಸಿವು ತೀರುತ್ತದೆ. ಸತ್ತವರ ಹೆಸರಿನಲ್ಲಿ ಬದುಕಿರುವವರಿಗೆ ಕೊಡುವುದು ಎಂಬ ಈ ತತ್ತ್ವವೇ ಸವಾರಿಯಲ್ಲಿಯೂ ಕಾಣುತ್ತದೆ. ಸವಾರರಲ್ಲಿ ಅನೇಕರು ತೀರಿಕೊಂಡ ತಂದೆತಾಯಿ, ಮಡದಿ, ಮಕ್ಕಳ ನೆನಪಿಗಾಗಿ ಬಂದವರು; ರೋಗದಿಂದ ಪಾರಾಗಿ, ಅಥವಾ ಇನ್ನೂ ಚಿಕಿತ್ಸೆಯಲ್ಲಿರುವಾಗಲೇ, ಬಂದು ತುಳಿಯುವವರೂ ಉಂಟು. ಚಿಕಿತ್ಸೆ ಪಡೆಯುತ್ತಿರುವ ಒಂದೊಂದು ಮಗುವನ್ನು ಸವಾರರ ಒಂದೊಂದು ತಂಡಕ್ಕೆ ಜೊತೆಯಾಗಿ ಗೊತ್ತುಮಾಡುವ ಪದ್ಧತಿಯೂ ಅಲ್ಲಿದೆ. ಕಳೆದವರ ಶೋಕವನ್ನು ಇರುವವರ ಮುಖದ ಕಡೆಗೆ ತಿರುಗಿಸುವ ಈ ಏರ್ಪಾಟಿನಲ್ಲಿ ದೇಹಶ್ರಮವು ವ್ಯರ್ಥವೆಂದು ಹೇಳುವುದು ಕಷ್ಟ. ಆಸ್ಪತ್ರೆಯಲ್ಲಿ ಸೇವೆ ಮಾಡಬಹುದಾಗಿತ್ತಲ್ಲ ಎಂದರೆ, ಮಾಡಬಲ್ಲವರು ಮಾಡಲಿ. ತನ್ನವರು ತೀರಿದ ಆ ಕೊಠಡಿಗಳಿಗೆ ಮರಳಿ ಕಾಲಿಡಲಾರದವನೂ ಒಬ್ಬನಿರುತ್ತಾನೆ. ಅವನಿಗೂ ಮಾಡಲು ಒಂದು ಕೆಲಸ ಬೇಕಷ್ಟೆ.

ಡಂಭದ ಆಕ್ಷೇಪವು ಉಳಿಯಿತು. ಇದನ್ನು ಪೂರ್ತಿಯಾಗಿ ಅಲ್ಲಗಳೆಯಲಾಗದು. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ತಪಸ್ಸನ್ನೂ ದಾನವನ್ನೂ ಮೂರು ಮೂರಾಗಿ ವಿಂಗಡಿಸುವಾಗ, ಮಾನಪೂಜೆಗಳಿಗಾಗಿ ಮಾಡಿದ ತಪಸ್ಸನ್ನು ರಾಜಸವೆಂದೂ, ಮೌಢ್ಯದಿಂದ ತನ್ನನ್ನು ಪೀಡಿಸಿಕೊಳ್ಳುವುದನ್ನು ತಾಮಸವೆಂದೂ ಎಣಿಸಿದೆ. ಚಪ್ಪಾಳೆಗಾಗಿ ತುಳಿಯುವವನು ಮೊದಲನೆಯ ದೋಷಕ್ಕೂ, ಎದೆ ನೋಯುತ್ತಿದ್ದರೂ ಹಠದಿಂದ ಇಳಿಯದವನು ಎರಡನೆಯ ದೋಷಕ್ಕೂ ಗುರಿಯಾಗುತ್ತಾನೆ. ಆದರೆ ಚಪ್ಪಾಳೆ ದೊರೆಯುವುದು ಎರಡು ದಿನ, ಅಭ್ಯಾಸವು ತಿಂಗಳುಗಟ್ಟಲೆ. ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ ಎದ್ದು, ಚಳಿಗಾಳಿಯನ್ನು ಇದಿರಿಸಿ, ಯಾರೂ ನೋಡದ ರಸ್ತೆಯಲ್ಲಿ ಪಂಕ್ಚರಾದ ಟ್ಯೂಬನ್ನು ನಡುಗುವ ಕೈಯಿಂದ ಬದಲಿಸುವಾಗ ಡಂಭಕ್ಕೆ ಆಹಾರವೇನಿದೆ? ನೋಡುವವರಿಲ್ಲದೆ ಉಳಿಯುವ ಸಂಕಲ್ಪವು ರಾಜಸದಿಂದ ಹುಟ್ಟಿದ್ದರೂ ಮೆಲ್ಲಮೆಲ್ಲನೆ ಶುದ್ಧವಾಗುತ್ತದೆ. ಸುಖವೂ ಆರೋಗ್ಯವೂ ದೊರೆಯಿತಾದ್ದರಿಂದ ತ್ಯಾಗವು ಸುಳ್ಳೆನ್ನುವುದೂ ಸರಿಯಲ್ಲ. ಕೊಡುವವನು ಅಳುತ್ತಲೇ ಕೊಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಆ ಆರು ಅಂಗಗಳಲ್ಲಿ ಸೇರಿರುವುದು ಶ್ರದ್ಧೆ, ದುಃಖವಲ್ಲ.

ಸವಾರಿಯ ಕ್ರಮದಲ್ಲಿಯೇ ಅಹಂಕಾರವನ್ನು ಇಳಿಸುವ ಎರಡು ಪಾಠಗಳಿವೆ. ಇದಿರುಗಾಳಿಯಲ್ಲಿ ಮುಂದೆ ಹೋಗುವವನು ಗಾಳಿಯನ್ನು ಸೀಳುತ್ತಾನೆ. ಅವನ ಬೆನ್ನಿಗೆ ಹತ್ತಿಕೊಂಡು ಬರುವವನಿಗೆ ಶ್ರಮದ ಕಾಲುಪಾಲಿಗೂ ಮಿಕ್ಕಿ ಉಳಿತಾಯವಾಗುವುದುಂಟು. ಆದುದರಿಂದ ಬಲ್ಲವರು ಸರದಿಯ ಮೇಲೆ ಮುಂದಾಗುತ್ತಾರೆ, ಸರದಿ ತೀರಿದ ಕೂಡಲೆ ಬದಿಗೆ ಸರಿದು ಹಿಂದಾಗುತ್ತಾರೆ. ಹಾಗೆಯೇ, ಮುಂದಿರುವವನು ದಾರಿಯಲ್ಲಿ ಗುಂಡಿಯನ್ನು ಕಂಡರೆ ತಾನು ತಪ್ಪಿಸಿಕೊಂಡು ಸುಮ್ಮನಾಗದೆ, ಕೈಯಿಂದ ತೋರಿಸುತ್ತಾನೆ ಅಥವಾ ಕೂಗಿ ಹೇಳುತ್ತಾನೆ. ಹಿಂದಿರುವವನು ತನ್ನ ಹಿಂದಿನವನಿಗೆ ಅದನ್ನೇ ಮುಟ್ಟಿಸುತ್ತಾನೆ. ತನಗೆ ಕಳೆದುಹೋದ ಅಪಾಯವನ್ನು ಇನ್ನೊಬ್ಬನಿಗಾಗಿ ನೆನಪಿನಲ್ಲಿಡುವ ಈ ಅಭ್ಯಾಸಕ್ಕೂ, ತನ್ನ ತಾಯಿಗೆ ಒದಗದ ಔಷಧವು ಇನ್ನೊಬ್ಬನ ತಾಯಿಗೆ ಒದಗಲೆಂಬ ಸಂಕಲ್ಪಕ್ಕೂ ಬಹಳ ಅಂತರವಿಲ್ಲ.

ಆದರೂ ಈ ಪದ್ಧತಿಗೆ ಮಿತಿಗಳುಂಟು. ಅವನ್ನು ಹೇಳದಿದ್ದರೆ ವಿಚಾರವು ಪಕ್ಷಪಾತವಾದೀತು. ಎರಡು ದಿನಗಳ ಸವಾರನು ಕೂಡಿಸಬೇಕಾದ ಮೊತ್ತವು ಹಲವು ಸಾವಿರ ಡಾಲರುಗಳು. ಒಳ್ಳೆಯ ಬೈಸಿಕಲ್ಲಿಗೆ ಬೆಲೆ ಬೇಕು, ಅಭ್ಯಾಸಕ್ಕೆ ಬಿಡುವು ಬೇಕು, ಬೇಡಲು ಉಳ್ಳವರ ಸ್ನೇಹ ಬೇಕು. ಬಡವನಿಗೂ ಅಶಕ್ತನಿಗೂ ಈ ಬಾಗಿಲು ಸುಲಭವಾಗಿ ತೆರೆಯದು. ಹಾದಿಯ ಬದಿಯಲ್ಲಿ ನಿಂತು ನೀರು ಕೊಡುವ ಸ್ವಯಂಸೇವಕನ, ಸಂಬಳದಲ್ಲಿ ಹತ್ತು ಡಾಲರು ಉಳಿಸಿ ಕಳುಹಿಸುವ ವಿಧವೆಯ ದಾನವು ಸವಾರನ ದಾನಕ್ಕಿಂತ ಕಿರಿದೆಂದು ಯಾರಾದರೂ ಭಾವಿಸಿದರೆ ಆ ಸವಾರಿಯೇ ಕೆಟ್ಟಿತು. ಎರಡನೆಯದಾಗಿ, ರೋಗಿಯ ಆರೈಕೆಯು ದೊರೆತನದ ಕರ್ತವ್ಯವೂ ಹೌದು. ಜನರು ಬೈಸಿಕಲ್ಲು ತುಳಿದು ಕೊಡುತ್ತಾರೆಂದು ರಾಜ್ಯವು ಕೈಕಟ್ಟಿ ಕುಳಿತುಕೊಳ್ಳುವುದಕ್ಕೆ ಈ ದಾನವು ನೆಪವಾಗಬಾರದು. ಮೂರನೆಯದಾಗಿ, ಕಾಣುವ ಶ್ರಮವು ಕಾಣದ ಶ್ರಮವನ್ನು ಮರೆಸಬಾರದು. ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ದುಡಿದ ಸುಬ್ಬರಾಯರಿಗೆ ಯಾವ ಬೀದಿಯಲ್ಲಿಯೂ ಚಪ್ಪಾಳೆ ದೊರೆಯಲಿಲ್ಲ. ತಮ್ಮ ಔಷಧದಿಂದ ಮುಂದೆ ಬೆಳೆದ ಚಿಕಿತ್ಸೆಯನ್ನು ಅವರು ನೋಡಲೂ ಇಲ್ಲ. ಸವಾರನ ಹಣವು ಫಲಿಸುವುದು ಅಂತಹವರ ಮೌನವಾದ ದುಡಿಮೆಯಲ್ಲಿಯೇ.

ಎರಡನೆಯ ದಿನ ಪ್ರಾವಿನ್ಸ್‌ಟೌನಿನಲ್ಲಿ ಭೂಮಿ ಮುಗಿದು ಸಮುದ್ರ ಕಾಣುತ್ತದೆ. ಸವಾರನು ಇಳಿಯುತ್ತಾನೆ, ಕಾಲು ನೆಲದ ಮೇಲೆ ನಿಲ್ಲಲು ಒಲ್ಲದು. ಆದರೆ ಅವನ ಕೆಲಸವು ಅಲ್ಲಿಗೆ ಮುಗಿಯಲಿಲ್ಲ. ಬರಬೇಕಾದ ವಂತಿಗೆಯನ್ನು ಮುಂದಿನ ವಾರಗಳಲ್ಲಿ ಕೇಳಿ ಕೂಡಿಸಬೇಕು, ಕೊಟ್ಟವರಿಗೆ ಕೃತಜ್ಞತೆಯ ಕಾಗದವನ್ನು ಬರೆಯಬೇಕು, ಕೊರತೆಯಾದರೆ ಭರ್ತಿಮಾಡಬೇಕು. ಮೈನೋವು ಹೋದ ಮೇಲೆ ಉಳಿಯುವ ಈ ಒಣ ಕೆಲಸವನ್ನು ಅವನು ಅದೇ ನಿಷ್ಠೆಯಿಂದ ಮಾಡಿದನಾದರೆ ಅವನ ಸವಾರಿಯು ದಾನದ ಅಂಗವೇ ಸರಿ. ಮಾಡದೆ ಹೋದರೆ ಅದೊಂದು ವ್ಯಾಯಾಮ. ದೇಹದಂಡನೆಯು ದಾನವಲ್ಲ, ದಾನಕ್ಕೆ ಬದಲೂ ಅಲ್ಲ. ಅದು ಕೊಡುವವನ ಶ್ರದ್ಧೆಯನ್ನು ಮೊದಲು ಅವನಿಗೂ, ಆಮೇಲೆ ಇತರರಿಗೂ ತಿಳಿಯಪಡಿಸುವ ಒಂದು ಸಾಧನ. ಹಾಗೆ ನೋಡಿದರೆ ಶಾಸ್ತ್ರಕಾರರ ಎಣಿಕೆಗೆ ಏಳನೆಯ ಅಂಗವೊಂದನ್ನು ಸೇರಿಸಬೇಕಾಗಿಲ್ಲ. ಶ್ರದ್ಧೆಯೆಂದು ಅವರು ಹೇಳಿದುದರಲ್ಲಿಯೇ ಬೆಳಗಿನ ಚಳಿಗೂ, ಇದಿರುಗಾಳಿಗೂ, ನೆರೆಯವನ ಬಾಗಿಲಿನ ಮುಂದೆ ನಿಂತ ಸಂಕೋಚಕ್ಕೂ ಸ್ಥಳವಿದೆ.